ಲೆಕ್ಕ ತಪ್ಪಿದ್ದು ಎಲ್ಲಿ? ಇಬ್ನುಲ್ ಹೈಸಮ್ ಮತ್ತು ನೈಲ್ ನದಿ

ಸ್ನೇಹಿತರೇ, ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದಲ್ಲಿ ಓದುವ ನಮಗೆಲ್ಲ ಪ್ರತಿಫಲನ, ವಕ್ರೀಭವನ, ಮಸೂರ, ದರ್ಪಣ ಎಂಬ ಪದಗಳು ದಿನನಿತ್ಯದ ಮಾತು. ಇದೇ ವಿಷಯಗಳ ಮೇಲೆ ಸಾವಿರ ವರ್ಷಗಳ ಹಿಂದೆ ಏಳು ಭಾಗಗಳ ಬೃಹತ್ ಗ್ರಂಥ ಬರೆದವರು ಇಬ್ನುಲ್ ಹೈಸಮ್. ಪೂರ್ಣ ಹೆಸರು ಅಬೂ ಅಲಿ ಅಲ್-ಹಸನ್ ಇಬ್ನ್ ಅಲ್-ಹೈಸಮ್. ಯುರೋಪಿನವರು ಅವರನ್ನು ಅಲ್ಹಾಝೆನ್ ಎಂದು ಕರೆದರು. ಅವರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅವರ ಗ್ರಂಥಗಳನ್ನು, ಪ್ರಯೋಗಗಳನ್ನು ಹೊಗಳುತ್ತಾರೆ. ನಡುವೆ ಒಂದು ಸಾಲಿನಲ್ಲಿ, ನೈಲ್ ನದಿಗೆ ಕಟ್ಟೆ ಕಟ್ಟಲು ಹೋಗಿ ಆಗದೆ ಹುಚ್ಚನಂತೆ ನಟಿಸಿ ಪಾರಾದರು ಎಂದು ಹೇಳಿ ಮುಂದೆ ಹೋಗುತ್ತಾರೆ. ಓದಿದವರು ನಕ್ಕು ಮರೆಯುತ್ತಾರೆ. ನನಗೆ ಮಾತ್ರ ಆ ಒಂದು ಸಾಲೇ ಅವರ ಬದುಕಿನ ಅತಿ ಮುಖ್ಯ ಅಧ್ಯಾಯವೆಂದು ತೋರುತ್ತದೆ. ಗಣಿತದಲ್ಲಿ ತನ್ನ ಕಾಲದ ಅಗ್ರಗಣ್ಯರಲ್ಲಿ ಒಬ್ಬರಾಗಿದ್ದ ಮನುಷ್ಯನ ಯೋಜನೆ ಏಕೆ ತಪ್ಪಿತು? ತಪ್ಪಿತೆಂದು ಗೊತ್ತಾದ ಮೇಲೆ ಅವರು ಏನು ಮಾಡಿದರು? ಈ ಲೇಖನ ಅದರ ಬಗ್ಗೆ.

ಇಬ್ನುಲ್ ಹೈಸಮ್ ಹುಟ್ಟಿದ್ದು ಕ್ರಿ.ಶ. 965ರ ಸುಮಾರಿಗೆ, ಅಂದರೆ ಹಿಜರಿ 354ರಲ್ಲಿ, ಇರಾಕಿನ ಬಸ್ರಾದಲ್ಲಿ. ಟೈಗ್ರಿಸ್ ಮತ್ತು ಯೂಫ್ರೆಟಿಸ್ ನದಿಗಳು ಒಂದಾಗಿ ಸಮುದ್ರಕ್ಕೆ ಹರಿಯುವ ದಾರಿಯಲ್ಲಿರುವ ಊರು ಅದು. ಊರಿನ ಸುತ್ತ ಕಾಲುವೆಗಳು, ಖರ್ಜೂರದ ತೋಟಗಳು. ನೀರನ್ನು ತಿರುಗಿಸುವುದು, ತಡೆಯುವುದು, ಹಂಚುವುದು ಅಲ್ಲಿನವರಿಗೆ ಹೊಸ ವಿದ್ಯೆ ಆಗಿರಲಿಲ್ಲ. ಅವರು ಸ್ವಲ್ಪ ಕಾಲ ಸರ್ಕಾರಿ ಹುದ್ದೆಯಲ್ಲಿದ್ದರು ಎಂದು ಹಳೆಯ ಚರಿತ್ರೆಕಾರರು ಬರೆದಿದ್ದಾರೆ. ಆದರೆ ಮನಸ್ಸೆಲ್ಲ ಇದ್ದದ್ದು ಯೂಕ್ಲಿಡ್, ಟಾಲೆಮಿ, ಅರಿಸ್ಟಾಟಲ್ ಮೊದಲಾದವರ ಗ್ರಂಥಗಳಲ್ಲಿ. ಜ್ಯಾಮಿತಿ, ಖಗೋಳ, ಬೆಳಕು ಹೀಗೆ ಒಂದೊಂದೇ ವಿಷಯವನ್ನು ಹಿಡಿದು ಬರೆಯುತ್ತಾ ಅವರ ಹೆಸರು ದೇಶದಿಂದ ದೇಶಕ್ಕೆ ಹರಡಿತು.

ಮುಂದಿನ ಕಥೆ ನಮಗೆ ಸಿಗುವುದು ಇಬ್ನ್ ಅಲ್-ಕಿಫ್ತಿ ಎಂಬ ಚರಿತ್ರೆಕಾರರ ಬರಹದಿಂದ. ಅವರು ತೀರಿಕೊಂಡದ್ದು 1248ರಲ್ಲಿ. ಅಂದರೆ ಇಬ್ನುಲ್ ಹೈಸಮ್ ಅವರ ಕಾಲಕ್ಕೂ ಈ ಬರಹಕ್ಕೂ ನಡುವೆ ಸುಮಾರು ಎರಡು ಶತಮಾನಗಳ ಅಂತರವಿದೆ. ಇದನ್ನು ನೆನಪಿನಲ್ಲಿಟ್ಟುಕೊಂಡೇ ಓದಬೇಕು. ಅವರು ಹೇಳುವ ಪ್ರಕಾರ, ಇಬ್ನುಲ್ ಹೈಸಮ್ ಇರಾಕಿನಲ್ಲಿದ್ದಾಗಲೇ ಒಂದು ಮಾತು ಆಡಿದ್ದರು. ತಾನು ಈಜಿಪ್ಟಿನಲ್ಲಿ ಇದ್ದಿದ್ದರೆ ನೈಲ್ ನದಿ ತುಂಬಿದಾಗಲೂ ಇಳಿದಾಗಲೂ ಜನರಿಗೆ ಉಪಯೋಗವಾಗುವಂತೆ ಮಾಡುತ್ತಿದ್ದೆ ಎಂಬುದು ಆ ಮಾತಿನ ಸಾರ. ಅದಕ್ಕೆ ಅವರು ಕೊಟ್ಟ ಆಧಾರ ಒಂದೇ: ಆ ನದಿ ಈಜಿಪ್ಟಿನ ಗಡಿಯಲ್ಲಿ ಎತ್ತರದ ಜಾಗದಿಂದ ಕೆಳಗಿಳಿಯುತ್ತದೆ ಎಂದು ಅವರು ಕೇಳಿದ್ದರು. ಕೇಳಿದ್ದರು ಎಂಬ ಪದವನ್ನು ಗಮನಿಸಿ. ನೋಡಿರಲಿಲ್ಲ.

ಈಜಿಪ್ಟಿನಲ್ಲಿ ಆ ಮಾತಿಗೆ ಎಷ್ಟು ಬೆಲೆ ಇತ್ತು ಎಂದು ತಿಳಿಯಬೇಕಾದರೆ ನೈಲ್ ನದಿಯ ಸ್ವಭಾವ ಗೊತ್ತಿರಬೇಕು. ಈಜಿಪ್ಟಿನಲ್ಲಿ ಮಳೆ ಬಹಳ ಕಡಿಮೆ. ಹೊಲಕ್ಕೆ ನೀರು ಬರುವುದು ನದಿಯಿಂದಲೇ. ಇಥಿಯೋಪಿಯಾದ ಬೆಟ್ಟಗಳಲ್ಲಿ ಮಳೆಗಾಲ ಶುರುವಾದ ಮೇಲೆ ನೈಲ್ ಉಕ್ಕುತ್ತಿತ್ತು. ಆಗಸ್ಟ್, ಸೆಪ್ಟೆಂಬರ್ ತಿಂಗಳಲ್ಲಿ ಪ್ರವಾಹ ಹೊಲಗಳ ಮೇಲೆ ಹರಡಿ, ಕಪ್ಪು ಮೆಕ್ಕಲು ಮಣ್ಣು ಬಿಟ್ಟು ಇಳಿಯುತ್ತಿತ್ತು. ಆ ಮಣ್ಣಿನಲ್ಲಿ ರೈತರು ಬಿತ್ತುತ್ತಿದ್ದರು. ಕೈರೋ ಬಳಿಯ ರೋಡಾ ದ್ವೀಪದಲ್ಲಿ ನದಿಯ ಮಟ್ಟ ಅಳೆಯಲು 861ರಲ್ಲಿ ಕಟ್ಟಿದ ಅಳತೆಯ ಬಾವಿ ಇವತ್ತಿಗೂ ಇದೆ. ಅದರ ನಡುವಿನ ಕಲ್ಲಿನ ಕಂಬದ ಮೇಲೆ ಮೊಳದ ಗುರುತುಗಳಿವೆ. ನೀರು 16 ಮೊಳ ಮುಟ್ಟಿದರೆ ಆ ವರ್ಷ ಸಮೃದ್ಧಿ ಎಂದು ಊರಿನಲ್ಲಿ ಸಂಭ್ರಮ. ಅದಕ್ಕಿಂತ ಬಹಳ ಕಡಿಮೆಯಾದರೆ ಕ್ಷಾಮ. ಬಹಳ ಹೆಚ್ಚಾದರೆ ಊರುಗಳೇ ಮುಳುಗುವ ಭಯ. ಭೂಕಂದಾಯದ ಲೆಕ್ಕವೂ ಈ ಕಂಬವನ್ನೇ ನೋಡಿ ನಡೆಯುತ್ತಿತ್ತು. ಹೆಚ್ಚಾದ ನೀರನ್ನು ಹಿಡಿದಿಟ್ಟು ಕಡಿಮೆಯಾದಾಗ ಬಿಡುತ್ತೇನೆ ಎನ್ನುವವನು ಒಂದು ದೇಶದ ಹಸಿವನ್ನೇ ತಡೆಯುತ್ತೇನೆ ಎಂದ ಹಾಗೆ.

ಆಗ ಈಜಿಪ್ಟನ್ನು ಆಳುತ್ತಿದ್ದವನು ಫಾತಿಮಿ ಖಲೀಫ ಅಲ್-ಹಾಕಿಮ್. 996ರಲ್ಲಿ, ಇನ್ನೂ ಹನ್ನೊಂದು ವರ್ಷದ ಹುಡುಗನಾಗಿದ್ದಾಗ ಪಟ್ಟಕ್ಕೆ ಬಂದವನು. ವಿದ್ಯೆಗೆ ಪ್ರೋತ್ಸಾಹ ಕೊಟ್ಟವನು ಹೌದು. 1005ರಲ್ಲಿ ಕೈರೋದಲ್ಲಿ ದಾರುಲ್ ಇಲ್ಮ್ ಎಂಬ ಜ್ಞಾನಮಂದಿರವನ್ನು, ಅದರೊಳಗೆ ದೊಡ್ಡ ಗ್ರಂಥಾಲಯವನ್ನು ಸ್ಥಾಪಿಸಿದ. ಖಗೋಳ ವಿಜ್ಞಾನಿ ಇಬ್ನ್ ಯೂನುಸ್ ತಮ್ಮ ಪ್ರಸಿದ್ಧ ಕೋಷ್ಟಕಗಳಿಗೆ ಈ ಖಲೀಫನ ಹೆಸರನ್ನೇ ಇಟ್ಟರು. ಆದರೆ ಅವನ ಸ್ವಭಾವಕ್ಕೆ ಇನ್ನೊಂದು ಮುಖವೂ ಇತ್ತು. ಇವತ್ತು ಮೆಚ್ಚಿದವರನ್ನು ನಾಳೆ ಕೊಲ್ಲಿಸುತ್ತಿದ್ದ. ಅವನ ಆಳ್ವಿಕೆಯಲ್ಲಿ ಮಂತ್ರಿಗಳೂ ಅಧಿಕಾರಿಗಳೂ ಒಬ್ಬರ ಹಿಂದೆ ಒಬ್ಬರು ತಲೆ ಕಳೆದುಕೊಂಡರು. ಇಂಥವನ ಕಿವಿಗೆ ಬಸ್ರಾದ ವಿದ್ವಾಂಸರ ಮಾತು ಬಿತ್ತು. ಗುಟ್ಟಾಗಿ ಹಣ ಕಳಿಸಿ ಕರೆಸಿಕೊಂಡ. ಇಬ್ನುಲ್ ಹೈಸಮ್ ಬಂದಾಗ ಖಲೀಫನೇ ಕೈರೋ ಪಟ್ಟಣದ ಹೊರಗಿನ ಹಳ್ಳಿಯವರೆಗೆ ಹೋಗಿ ಸ್ವಾಗತಿಸಿದನಂತೆ. ಒಬ್ಬ ಗಣಿತಜ್ಞನಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಉಂಟೇ? ಆದರೆ ಮರ್ಯಾದೆ ಹೆಚ್ಚಾದಷ್ಟೂ ಆಗುವುದಿಲ್ಲ ಎಂದು ಹೇಳುವುದು ಕಷ್ಟವಾಗುತ್ತದೆ.

ಖಲೀಫ ಕೊಟ್ಟ ಕುಶಲಕರ್ಮಿಗಳ ತಂಡದೊಂದಿಗೆ ಇಬ್ನುಲ್ ಹೈಸಮ್ ನದಿಯ ಮೇಲ್ಭಾಗಕ್ಕೆ, ದಕ್ಷಿಣದ ಕಡೆಗೆ ಹೊರಟರು. ಕೈರೋದಿಂದ ಅಸ್ವಾನಿಗೆ ಸುಮಾರು 900 ಕಿಲೋಮೀಟರ್ ದಾರಿ. ಈ ಪ್ರಯಾಣದಲ್ಲಿಯೇ ಅವರ ನಂಬಿಕೆ ಅಲುಗಾಡತೊಡಗಿತು. ನದಿಯ ದಡದುದ್ದಕ್ಕೂ ಪ್ರಾಚೀನ ಈಜಿಪ್ಟಿನವರ ಕಟ್ಟಡಗಳು ಕಾಣುತ್ತಾ ಹೋದವು. ಆ ನಾಡಿನ ಗೀಝಾದ ಮಹಾ ಪಿರಮಿಡ್ಡನ್ನೇ ತೆಗೆದುಕೊಳ್ಳಿ. ಬುಡದ ಒಂದೊಂದು ಬದಿ ಸುಮಾರು 230 ಮೀಟರ್ ಉದ್ದ. ನಾಲ್ಕು ಬದಿಗಳ ಉದ್ದದಲ್ಲಿ ವ್ಯತ್ಯಾಸ ಕೆಲವೇ ಸೆಂಟಿಮೀಟರ್. ಒಳಗಿನ ಕೋಣೆಗೆ ಬಳಸಿದ ಗ್ರಾನೈಟ್ ಕಲ್ಲನ್ನು ತಂದದ್ದು ದೂರದ ಅಸ್ವಾನಿನಿಂದ, ಇದೇ ನದಿಯ ಮೇಲೆ. ರೇಖಾಗಣಿತ ಬಲ್ಲ ಇಬ್ನುಲ್ ಹೈಸಮ್ ಅವರ ಕಣ್ಣಿಗೆ ಆ ಕಟ್ಟಡಗಳ ಅಳತೆ, ಸಮತೆ, ಕೆಲಸದ ನಾಜೂಕು ಎದ್ದು ಕಂಡಿತು. ಆಗ ಅವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಹುಟ್ಟಿತು. ಇಷ್ಟು ಬಲ್ಲವರು ಸಾವಿರಾರು ವರ್ಷ ಈ ನದಿಯ ದಡದಲ್ಲೇ ಬಾಳಿದರು. ಈ ಕೆಲಸ ಸಾಧ್ಯವಿದ್ದರೆ ಅವರು ಮಾಡದೆ ಬಿಡುತ್ತಿದ್ದರೇ?

ಇದು ಪೂರ್ತಿ ಪುರಾವೆ ಅಲ್ಲ, ನಿಜ. ಹಿಂದಿನವರು ಮಾಡಿಲ್ಲ ಎಂದ ಮಾತ್ರಕ್ಕೆ ಆಗುವುದಿಲ್ಲ ಎಂದು ತೀರ್ಮಾನಿಸಿದರೆ ಹೊಸದೇನೂ ಹುಟ್ಟುವುದಿಲ್ಲ. ಆದರೆ ಇಬ್ನುಲ್ ಹೈಸಮ್ ಆ ಅನುಮಾನ ಬಂದ ತಕ್ಷಣ ಹಿಂದಿರುಗಲಿಲ್ಲ. ಮುಂದೆ ಸಾಗಿ ಅಸ್ವಾನಿನ ದಕ್ಷಿಣಕ್ಕೆ ಜನಾದಿಲ್ ಎಂದು ಕರೆಯುತ್ತಿದ್ದ ಜಾಗವನ್ನು ತಲುಪಿದರು. ನದಿ ಗ್ರಾನೈಟ್ ಬಂಡೆಗಳ ನಡುವೆ ಸೀಳಿಕೊಂಡು ನುಗ್ಗುವ ಜಾಗ ಅದು. ತಾವು ದೂರದಿಂದ ಕೇಳಿದ್ದ ಎತ್ತರದ ಜಾಗ ಇದೇ. ಅಲ್ಲಿ ನಿಂತು ನೀರನ್ನು ಎಲ್ಲ ಕಡೆಯಿಂದ ಪರೀಕ್ಷಿಸಿದರು. ತಮ್ಮ ಯೋಜನೆಗೆ ಆ ಜಾಗ ಹೊಂದುವುದಿಲ್ಲ ಎಂದು ಖಚಿತವಾಯಿತು.

ಇವತ್ತು ನಮ್ಮ ಕೈಯಲ್ಲಿರುವ ಅಂಕಿಗಳಿಂದ ನಾವೇ ಒಂದು ಲೆಕ್ಕ ಮಾಡಬಹುದು. ಅಸ್ವಾನಿನಲ್ಲಿ ನೈಲ್ ನದಿಯ ಸರಾಸರಿ ವಾರ್ಷಿಕ ಹರಿವು ಸುಮಾರು 8,400 ಕೋಟಿ ಘನ ಮೀಟರ್. ವರ್ಷದಲ್ಲಿ 3 ಕೋಟಿ 15 ಲಕ್ಷ ಸೆಕೆಂಡುಗಳಿವೆ. ಭಾಗಿಸಿ ನೋಡಿದರೆ ಸೆಕೆಂಡಿಗೆ 2,600 ಘನ ಮೀಟರಿಗೂ ಹೆಚ್ಚು. ಅಂದರೆ ಒಂದು ಸೆಕೆಂಡಿಗೆ 26 ಲಕ್ಷ ಲೀಟರ್. ಇದು ವರ್ಷದ ಸರಾಸರಿ ಮಾತ್ರ. ಪ್ರವಾಹದ ತಿಂಗಳಲ್ಲಿ ಹರಿವು ಬೇಸಿಗೆಯ ಹರಿವಿಗಿಂತ ಹತ್ತು ಪಟ್ಟಿಗೂ ಹೆಚ್ಚಾಗುತ್ತಿತ್ತು. ಅದರ ಜೊತೆಗೆ ಹೊತ್ತು ತರುವ ಮೆಕ್ಕಲು ಮಣ್ಣು ಬೇರೆ. ಆ ಕಾಲದಲ್ಲಿ ಉಕ್ಕಿನ ಬಾಗಿಲುಗಳಿಲ್ಲ, ಇಂದಿನ ಸಿಮೆಂಟ್ ಇಲ್ಲ, ಬಂಡೆ ಸಿಡಿಸುವ ಮದ್ದಿಲ್ಲ, ಯಂತ್ರಗಳಿಲ್ಲ. ಕಲ್ಲು, ಗಾರೆ, ಮನುಷ್ಯರ ಕೈ ಇಷ್ಟೇ. ಅಂಥ ಕಟ್ಟೆಯನ್ನು ಅರ್ಧ ಕಟ್ಟುವಷ್ಟರಲ್ಲಿ ಮುಂದಿನ ಪ್ರವಾಹ ಬಂದು ಕಲ್ಲನ್ನೂ ಕೂಲಿಕಾರರನ್ನೂ ಕೊಚ್ಚಿಕೊಂಡು ಹೋಗುವ ಅಪಾಯವಿತ್ತು.

ಹಾಗಾದರೆ ಲೆಕ್ಕ ತಪ್ಪಿದ್ದು ಎಲ್ಲಿ? ಕೂಡುವುದರಲ್ಲಿ, ಕಳೆಯುವುದರಲ್ಲಿ ಇಬ್ನುಲ್ ಹೈಸಮ್ ತಪ್ಪಿದರು ಎಂದು ನಾನು ನಂಬುವುದಿಲ್ಲ. ಪರವಲಯವನ್ನು ತಿರುಗಿಸಿದಾಗ ಉಂಟಾಗುವ ಘನಾಕೃತಿಯ ಗಾತ್ರ ಕಂಡುಹಿಡಿಯಲು, ಸ್ವಾಭಾವಿಕ ಸಂಖ್ಯೆಗಳ ನಾಲ್ಕನೇ ಘಾತಗಳ ಮೊತ್ತವನ್ನು ಲೆಕ್ಕ ಹಾಕುವ ವಿಧಾನವನ್ನು ಕೊಟ್ಟವರು ಅವರು. ನಾವು ಪಿಯುಸಿಯಲ್ಲಿ ಕಲಿಯುವ ಅನುಕಲನಕ್ಕೆ ಆರು ಶತಮಾನಗಳಿಗೂ ಹೆಚ್ಚು ಮೊದಲಿನ ಕೆಲಸ ಅದು. ಅಂಥವರ ಕೈಯಲ್ಲಿ ಗುಣಾಕಾರ ತಪ್ಪುವುದಿಲ್ಲ. ತಪ್ಪಿದ್ದು ಗುಣಾಕಾರಕ್ಕೂ ಮೊದಲು. ನದಿ ಎತ್ತರದಿಂದ ಇಳಿಯುತ್ತದೆ ಎಂಬ ಸುದ್ದಿ ನಿಜವೇ ಆಗಿತ್ತು. ಆ ಸುದ್ದಿಯ ಜೊತೆಗೆ, ಅಲ್ಲಿ ಅದನ್ನು ಹಿಡಿಯಬಹುದು ಎಂಬ ಊಹೆಯೂ ಸದ್ದಿಲ್ಲದೆ ಸೇರಿಕೊಂಡಿತ್ತು. ಕೇಳಿದ್ದು ಮತ್ತು ಊಹಿಸಿದ್ದು ಎರಡೂ ಒಂದೇ ಸಾಲಿನಲ್ಲಿ ಕುಳಿತಾಗ ಎರಡೂ ಸತ್ಯದಂತೆಯೇ ಕಾಣುತ್ತವೆ. ಲೆಕ್ಕ ಎಷ್ಟೇ ಸರಿಯಾಗಿರಲಿ, ಅದಕ್ಕೆ ಹಾಕಿದ ಮೊದಲ ಸಂಖ್ಯೆ ಊಹೆಯದ್ದಾದರೆ ಉತ್ತರವೂ ಊಹೆಯೇ.

ಈಗ ಅವರ ಮುಂದೆ ಎರಡು ದಾರಿಗಳಿದ್ದವು. ಒಂದು, ಕೆಲಸ ಶುರು ಮಾಡಿ ದಿನ ತಳ್ಳುವುದು. ಇನ್ನೊಂದು, ಹಿಂದಿರುಗಿ ತಪ್ಪನ್ನು ಒಪ್ಪಿಕೊಳ್ಳುವುದು. ಮೊದಲ ದಾರಿ ಹಿಡಿದವರೂ ಚರಿತ್ರೆಯಲ್ಲಿದ್ದಾರೆ. ಇದಕ್ಕೆ ಒಂದೂವರೆ ಶತಮಾನದ ಹಿಂದೆ ಇರಾಕಿನಲ್ಲಿ ನಡೆದ ಒಂದು ಸಂಗತಿಯನ್ನು ಇಬ್ನ್ ಅಬೀ ಉಸೈಬಿಅ ಎಂಬ ಚರಿತ್ರೆಕಾರರು ದಾಖಲಿಸಿದ್ದಾರೆ. ಅಬ್ಬಾಸಿ ಖಲೀಫ ಮುತವಕ್ಕಿಲ್ ತನ್ನ ಹೊಸ ನಗರಕ್ಕೆ ಟೈಗ್ರಿಸ್ ನದಿಯಿಂದ ಕಾಲುವೆ ತೋಡಲು ಬನೂ ಮೂಸಾ ಸಹೋದರರಿಗೆ ಹೇಳಿದ. ಅವರು ಆ ಕೆಲಸವನ್ನು ಖಗೋಳ ವಿಜ್ಞಾನಿ ಅಲ್-ಫರ್ಗಾನಿಗೆ ಒಪ್ಪಿಸಿದರು. ರೋಡಾ ದ್ವೀಪದ ಅಳತೆಯ ಬಾವಿಯ ಕೆಲಸದಲ್ಲಿ ಹೆಸರು ಕೇಳಿಬರುವ ಅದೇ ಅಲ್-ಫರ್ಗಾನಿ. ಕಾಲುವೆಯ ಬಾಯಿಯನ್ನು ಮುಂದಿನ ಭಾಗಕ್ಕಿಂತ ಆಳವಾಗಿ ತೋಡಿದ್ದರಿಂದ, ನದಿ ತುಂಬಿದ್ದಾಗ ಬಿಟ್ಟರೆ ಉಳಿದ ಕಾಲದಲ್ಲಿ ನೀರು ಮುಂದಕ್ಕೆ ಹರಿಯುವಂತಿರಲಿಲ್ಲ. ವಿಷಯ ಖಲೀಫನಿಗೆ ತಿಳಿದು ತನಿಖೆಗೆ ಸನದ್ ಇಬ್ನ್ ಅಲಿ ಎಂಬ ವಿದ್ವಾಂಸರನ್ನು ನೇಮಿಸಿದ. ತಪ್ಪು ನಿಜವಾದರೆ ಸಹೋದರರಿಗೆ ಮರಣದಂಡನೆ. ಟೈಗ್ರಿಸ್ ತುಂಬಿ ಹರಿಯುತ್ತಿದ್ದ ಸಮಯವಾದ್ದರಿಂದ ತಪ್ಪು ಕೆಲವು ತಿಂಗಳು ಹೊರಗೆ ಕಾಣುತ್ತಿರಲಿಲ್ಲ. ಸನದ್ ತಪ್ಪಿಲ್ಲ ಎಂದು ವರದಿ ಕೊಟ್ಟರು. ನೀರು ಇಳಿಯುವ ಮೊದಲೇ, 861ರಲ್ಲಿ, ಖಲೀಫನ ಕೊಲೆಯಾಯಿತು. ಎಲ್ಲರ ಜೀವ ಉಳಿಯಿತು. ಕಾಲುವೆ ಮಾತ್ರ ಸರಿಯಾಗಲಿಲ್ಲ.

ಈ ಎರಡು ಘಟನೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ನನಗೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಇಬ್ನುಲ್ ಹೈಸಮ್ ಅವರ ತಪ್ಪು ಚಿಕ್ಕದಲ್ಲ. ಆದರೆ ಅದು ಕಾಗದದ ಮೇಲೆಯೇ ಉಳಿಯಿತು. ಒಬ್ಬ ಕೂಲಿಕಾರನೂ ಅದರಿಂದ ಸಾಯಲಿಲ್ಲ, ಒಂದು ಹೊಲವೂ ಮುಳುಗಲಿಲ್ಲ. ಕಾರಣ, ಮೊದಲ ಕಲ್ಲು ಇಡುವ ಮೊದಲು ಅವರು ಹೋಗಿ ನೋಡಿದರು. ನೋಡಿದ್ದನ್ನು ತನ್ನ ಹಳೆಯ ಮಾತಿಗೆ ಹೊಂದಿಸಲು ಹೋಗದೆ, ಮಾತನ್ನೇ ಬಿಟ್ಟುಕೊಟ್ಟರು. ಕೈರೋಗೆ ಹಿಂದಿರುಗಿ, ನಾಚಿಕೆಯಿಂದ ತಲೆ ತಗ್ಗಿಸಿ, ತನ್ನಿಂದ ಆಗುವುದಿಲ್ಲ ಎಂದು ಅಲ್-ಹಾಕಿಮ್‌ನಂಥ ಖಲೀಫನ ಮುಂದೆ ನಿಂತು ಹೇಳಿದರು. ಅಲ್ಲಿ ನಿಂತು ಆ ಮಾತು ಹೇಳಲು ಗಣಿತಕ್ಕಿಂತ ಹೆಚ್ಚಿನದ್ದು ಏನೋ ಬೇಕು.

ಖಲೀಫ ಮೇಲ್ನೋಟಕ್ಕೆ ಅವರ ಕಾರಣವನ್ನು ಒಪ್ಪಿದ. ಒಂದು ಸರ್ಕಾರಿ ಹುದ್ದೆಯನ್ನೂ ಕೊಟ್ಟ. ಇಬ್ನುಲ್ ಹೈಸಮ್ ಅದನ್ನು ಸ್ವೀಕರಿಸಿದ್ದು ಇಷ್ಟದಿಂದಲ್ಲ, ಭಯದಿಂದ. ಬೇಡ ಎಂದರೂ ಅಪಾಯ, ಇದ್ದರೂ ಅಪಾಯ. ಸಣ್ಣ ಕಾರಣಕ್ಕೂ ರಕ್ತ ಹರಿಸುತ್ತಿದ್ದ ದೊರೆಯ ಹತ್ತಿರ ಎಷ್ಟು ದಿನ ಬದುಕುವುದು? ಕೊನೆಗೆ ಅವರು ಬುದ್ಧಿ ಕೆಟ್ಟವರಂತೆ ನಟಿಸಿದರು. ಖಲೀಫ ಅವರ ಆಸ್ತಿಯನ್ನು ವಶಕ್ಕೆ ತೆಗೆದುಕೊಂಡು, ನೋಡಿಕೊಳ್ಳಲು ಜನರನ್ನು ನೇಮಿಸಿ, ಅವರನ್ನು ಮನೆಯಲ್ಲೇ ಬಂಧನದಲ್ಲಿಟ್ಟ. ಈ ಭಾಗವನ್ನು ಕೆಲವರು ಜಾಣತನದ ಕಥೆಯಂತೆ ಹೇಳುತ್ತಾರೆ. ನನಗೆ ಇದು ನಗುವ ವಿಷಯವಾಗಿ ಕಾಣುವುದಿಲ್ಲ. ವಿವೇಕವೇ ಬಂಡವಾಳವಾಗಿದ್ದ ವಿದ್ವಾಂಸರೊಬ್ಬರು ಜೀವ ಉಳಿಸಿಕೊಳ್ಳಲು ಜನರ ಮುಂದೆ ಅವಿವೇಕಿಯಂತೆ ಕಾಣಬೇಕಾಯಿತು. ತಪ್ಪು ಒಪ್ಪಿಕೊಂಡವನನ್ನು ಶಿಕ್ಷಿಸುವ ಕಡೆ ಇಂಥದ್ದೇ ಆಗುತ್ತದೆ. ಒಂದೋ ಜನ ಸುಳ್ಳು ವರದಿ ಕೊಡುತ್ತಾರೆ, ಇಲ್ಲವೇ ಮುಖವಾಡ ಹಾಕುತ್ತಾರೆ. ನಷ್ಟ ಆಗುವುದು ಆಳುವವರಿಗೂ ಹೌದು.

1021ರ ಫೆಬ್ರವರಿಯ ಒಂದು ರಾತ್ರಿ ಅಲ್-ಹಾಕಿಮ್ ಕೈರೋ ಬಳಿಯ ಮುಕತ್ತಮ್ ಬೆಟ್ಟದ ಕಡೆ ಹೋದವನು ಹಿಂದಿರುಗಲಿಲ್ಲ. ಅವನು ಸತ್ತದ್ದು ಖಚಿತವಾದ ಮೇಲೆ ಇಬ್ನುಲ್ ಹೈಸಮ್ ಅವರ ಹುಚ್ಚೂ ಮುಗಿಯಿತು. ಮನೆಯಿಂದ ಹೊರಬಂದು, ಅಲ್-ಅಝ್‌ಹರ್ ಮಸೀದಿಯ ಬಾಗಿಲ ಬಳಿಯ ಗುಮ್ಮಟದ ಕೋಣೆಯೊಂದರಲ್ಲಿ ನೆಲೆಸಿದರು. ವಶಪಡಿಸಿಕೊಂಡಿದ್ದ ಆಸ್ತಿಯೂ ಮರಳಿತು. ಆದರೂ ಅವರ ಜೀವನ ಸರಳವಾಗಿತ್ತು. ವರ್ಷಕ್ಕೊಮ್ಮೆ ಯೂಕ್ಲಿಡ್, ಟಾಲೆಮಿ ಮೊದಲಾದವರ ಗ್ರಂಥಗಳನ್ನು ಕೈಬರಹದಲ್ಲಿ ನಕಲು ಮಾಡಿ 150 ದೀನಾರಿಗೆ ಮಾರುತ್ತಿದ್ದರು. ಚೌಕಾಸಿ ಇಲ್ಲ. ಆ ಹಣದಲ್ಲಿ ಇಡೀ ವರ್ಷ ಕಳೆಯುತ್ತಿದ್ದರು. ಉಳಿದ ಸಮಯವೆಲ್ಲ ಓದು, ಬರಹ, ಪಾಠ. 1040ರ ಸುಮಾರಿಗೆ ಕೈರೋದಲ್ಲಿಯೇ ತೀರಿಕೊಂಡರು. ಅವರು ಬರೆದ ಗ್ರಂಥಗಳ ಪಟ್ಟಿ ತೊಂಬತ್ತನ್ನು ದಾಟುತ್ತದೆ.

ಅವುಗಳಲ್ಲಿ ಅತ್ಯಂತ ದೊಡ್ಡದು ಕಿತಾಬುಲ್ ಮನಾಝಿರ್, ಅಂದರೆ ದೃಷ್ಟಿಯ ಗ್ರಂಥ. ಬಂಧನದ ವರ್ಷಗಳಲ್ಲಿಯೇ ಇದರ ಬಹುಭಾಗ ರೂಪುಗೊಂಡಿತು ಎಂದು ಅನೇಕರು ಹೇಳುತ್ತಾರೆ. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುವುದರಿಂದ ನಮಗೆ ಕಾಣುತ್ತದೆ ಎಂದು ಯೂಕ್ಲಿಡ್ ಮತ್ತು ಟಾಲೆಮಿ ನಂಬಿದ್ದರು. ಇಬ್ನುಲ್ ಹೈಸಮ್ ಅದನ್ನು ಒಪ್ಪಲಿಲ್ಲ. ತೀಕ್ಷ್ಣ ಬೆಳಕನ್ನು ನೋಡಿದರೆ ಕಣ್ಣಿಗೆ ನೋವಾಗುವುದು ಏಕೆ ಎಂದು ಕೇಳಿದರು. ಬೆಳಕು ವಸ್ತುವಿನಿಂದ ಕಣ್ಣಿಗೆ ಬರುತ್ತದೆ ಎಂದು ತೋರಿಸಿದರು. ಕೇವಲ ವಾದದಿಂದಲ್ಲ, ಪ್ರಯೋಗದಿಂದ. ಕತ್ತಲೆ ಕೋಣೆಗೆ ಒಂದು ಸಣ್ಣ ರಂಧ್ರ. ರಂಧ್ರದ ಹೊರಗೆ ಬೇರೆ ಬೇರೆ ಜಾಗದಲ್ಲಿ ಹಲವು ದೀಪಗಳು. ಒಳಗಿನ ಗೋಡೆಯ ಮೇಲೆ ದೀಪ ಎಷ್ಟೋ ಅಷ್ಟು ಬೆಳಕಿನ ಚುಕ್ಕೆಗಳು. ಒಂದು ದೀಪವನ್ನು ಮುಚ್ಚಿದರೆ ಅದಕ್ಕೆ ಸೇರಿದ ಚುಕ್ಕೆ ಮಾತ್ರ ಮಾಯ, ತೆರೆದರೆ ಮತ್ತೆ ಅಲ್ಲೇ ಹಾಜರು. ಬೆಳಕು ನೇರವಾಗಿ ಚಲಿಸುತ್ತದೆ, ಒಂದೇ ರಂಧ್ರದಲ್ಲಿ ಹಾದರೂ ಒಂದರ ಬೆಳಕು ಇನ್ನೊಂದರ ಜೊತೆ ಬೆರೆತು ಕೆಡುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸರಳ ಸಾಕ್ಷಿ ಬೇಕೇ? ನಾವು ಕಾಗದದ ಡಬ್ಬಿಯಿಂದ ಮಾಡುವ ಪಿನ್‌ಹೋಲ್ ಕ್ಯಾಮೆರಾದಲ್ಲಿ ನಡೆಯುವುದೂ ಇದೇ.

ಆದರೆ ಈ ಗ್ರಂಥದಲ್ಲಿ ನನಗೆ ಅತ್ಯಂತ ಆಶ್ಚರ್ಯ ತಂದ ಸಂಗತಿ ಬೇರೆ. ಅದರ ಮೂರನೇ ಭಾಗವೆಲ್ಲ ದೃಷ್ಟಿಯ ತಪ್ಪುಗಳ ಕುರಿತಾದದ್ದು. ಕಣ್ಣು ಸರಿಯಾಗಿ ನೋಡಬೇಕಾದರೆ ಎಂಟು ವಿಷಯಗಳು ತಕ್ಕ ಮಿತಿಯಲ್ಲಿರಬೇಕು ಎಂದು ಅವರು ಹೇಳುತ್ತಾರೆ. ವಸ್ತುವಿನ ದೂರ, ಅದು ನಮಗೆ ಎದುರಾಗಿರುವ ರೀತಿ, ಅದರ ಮೇಲೆ ಬಿದ್ದ ಬೆಳಕು, ಅದರ ಗಾತ್ರ, ಅದರ ಅಪಾರದರ್ಶಕತೆ, ನಡುವಿನ ಗಾಳಿಯ ಪಾರದರ್ಶಕತೆ, ನೋಡಲು ಸಿಗುವ ಸಮಯ, ಕಣ್ಣಿನ ಆರೋಗ್ಯ. ಇವುಗಳಲ್ಲಿ ಯಾವುದು ಮಿತಿ ಮೀರಿದರೂ ತಪ್ಪು ಹುಟ್ಟುತ್ತದೆ. ಆ ತಪ್ಪುಗಳನ್ನೂ ಅವರು ಮೂರು ಬಗೆಯಾಗಿ ವಿಂಗಡಿಸಿದರು. ಬರೀ ಇಂದ್ರಿಯದ ತಪ್ಪು, ಗುರುತಿಸುವುದರಲ್ಲಿ ಆಗುವ ತಪ್ಪು, ಕಂಡದ್ದರಿಂದ ತೀರ್ಮಾನಕ್ಕೆ ಬರುವುದರಲ್ಲಿ ಆಗುವ ತಪ್ಪು. ದಿಗಂತದಲ್ಲಿ ಹುಟ್ಟುವ ಚಂದ್ರ ದೊಡ್ಡದಾಗಿ ಕಾಣುವುದನ್ನು ಅವರು ವಿವರಿಸಿದ್ದೂ ಹೀಗೆಯೇ. ಚಂದ್ರ ದೊಡ್ಡದಾಗಿಲ್ಲ. ನಡುವಿನ ಮರ, ಬೆಟ್ಟ, ಬಯಲು ನೋಡಿ ನಮ್ಮ ಮನಸ್ಸು ಅದನ್ನು ಹೆಚ್ಚು ದೂರದಲ್ಲಿದೆ ಎಂದು ಅಂದಾಜಿಸುತ್ತದೆ, ಆದ್ದರಿಂದ ದೊಡ್ಡದು ಎಂದು ತೀರ್ಮಾನಿಸುತ್ತದೆ. ತಪ್ಪಿದ್ದು ಕಣ್ಣಲ್ಲ, ಅಂದಾಜು.

ನೈಲ್ ನದಿಯಲ್ಲಿ ಕಲಿತ ಪಾಠದಿಂದಲೇ ಅವರು ಇದನ್ನು ಬರೆದರು ಎಂದು ನಾನು ಹೇಳುತ್ತಿಲ್ಲ. ಅವರು ಎಲ್ಲಿಯೂ ಹಾಗೆ ಬರೆದಿಲ್ಲ. ಆದರೆ ಆ ಎಂಟು ಷರತ್ತುಗಳನ್ನು ಅವರದೇ ಯೋಜನೆಗೆ ಹಚ್ಚಿ ನೋಡಿದರೆ ಬೆರಗಾಗುತ್ತದೆ. ಬಸ್ರಾದಿಂದ ಅಸ್ವಾನ್ ಬಹು ದೂರ. ಹರಿವಿನ ಗಾತ್ರ ಅವರ ಅನುಭವವನ್ನು ಮೀರಿದ್ದು. ನಡುವೆ ಇದ್ದದ್ದು ಗಾಳಿಯಲ್ಲ, ಪ್ರಯಾಣಿಕರ ಮಾತು. ಆ ಮಾತು ಎಷ್ಟು ಪಾರದರ್ಶಕವೋ ಯಾರಿಗೆ ಗೊತ್ತು? ಬಸ್ರಾದಲ್ಲಿ ಕುಳಿತು ನೈಲ್ ನದಿಯನ್ನು ಅಳೆಯುವುದು, ಈ ಗ್ರಂಥದ ಭಾಷೆಯಲ್ಲಿ ಹೇಳುವುದಾದರೆ, ತೀರ್ಮಾನದ ತಪ್ಪು.

ಟಾಲೆಮಿಯ ಮೇಲಿನ ಸಂದೇಹಗಳು ಎಂಬ ಇನ್ನೊಂದು ಗ್ರಂಥದಲ್ಲಿ ಅವರು ಇದೇ ಎಚ್ಚರವನ್ನು ಮುಂದುವರಿಸುತ್ತಾರೆ. ಎಂಟುನೂರು ವರ್ಷಗಳಿಂದ ಖಗೋಳದಲ್ಲಿ ಕೊನೆಯ ಮಾತು ಎನಿಸಿಕೊಂಡಿದ್ದ ಟಾಲೆಮಿಯ ಬರಹದಲ್ಲಿನ ವಿರೋಧಗಳನ್ನು ಒಂದೊಂದಾಗಿ ಎತ್ತಿ ತೋರಿಸುತ್ತಾರೆ. ಸತ್ಯವನ್ನು ಹುಡುಕುವವನು ಹಿರಿಯರ ಬರಹವನ್ನು ಮಾತ್ರವಲ್ಲ, ತನ್ನ ವಿಚಾರವನ್ನೂ ಸಂಶಯದಿಂದಲೇ ಪರೀಕ್ಷಿಸಬೇಕು ಎಂಬುದು ಅವರ ನಿಲುವು. ತನ್ನನ್ನೇ ಅನುಮಾನಿಸು ಎಂದು ಹೇಳುವುದು ಸುಲಭ. ಇವರು ಅದನ್ನು ಜನಾದಿಲ್‌ನಲ್ಲಿ ನಿಂತು ಮಾಡಿದವರು.

ಹಾಗೆಂದು ನೈಲ್ ನದಿಗೆ ಕಟ್ಟೆ ಕಟ್ಟುವ ಆಲೋಚನೆಯೇ ತಪ್ಪಾಗಿತ್ತೇ? ಇಲ್ಲ. ಅಸ್ವಾನಿನಲ್ಲಿ ಮೊದಲ ಅಣೆಕಟ್ಟು 1898ರಲ್ಲಿ ಶುರುವಾಗಿ 1902ರಲ್ಲಿ ಮುಗಿಯಿತು. ಅದಕ್ಕೆ ಪ್ರವಾಹದ ನೀರೂ ಮಣ್ಣೂ ಹಾದುಹೋಗಲೆಂದು 180 ತೂಬುಗಳನ್ನು ಇಟ್ಟರು. ಅಷ್ಟಾದರೂ ಸಾಲದೆ ಎರಡು ಸಲ ಎತ್ತರಿಸಬೇಕಾಯಿತು. ಕೊನೆಗೆ ಅದರ ದಕ್ಷಿಣಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ 1960ರಿಂದ 1970ರವರೆಗೆ ಹತ್ತು ವರ್ಷ ದುಡಿದು 111 ಮೀಟರ್ ಎತ್ತರದ, ಸುಮಾರು 3.8 ಕಿಲೋಮೀಟರ್ ಉದ್ದದ ದೊಡ್ಡ ಅಣೆಕಟ್ಟು ಕಟ್ಟಿದರು. ಅದರ ಹಿಂದಿನ ಜಲಾಶಯ ಸುಮಾರು 500 ಕಿಲೋಮೀಟರ್ ಉದ್ದ. ತುಂಬಿದಾಗ ಹಿಡಿದಿಟ್ಟು ಇಳಿದಾಗ ಬಿಡುವ ಇಬ್ನುಲ್ ಹೈಸಮ್ ಅವರ ಆಸೆ ನಿಜವಾಗಲು ಸುಮಾರು ಒಂಬೈನೂರೈವತ್ತು ವರ್ಷ ಬೇಕಾಯಿತು. ಆ ಕೆಲಸಕ್ಕೂ ಬೆಲೆ ತೆರಬೇಕಾಯಿತು. ನ್ಯೂಬಿಯಾದ ಹಳ್ಳಿಗಳು ಮುಳುಗಿ ಜನ ಊರು ಬಿಟ್ಟರು, ಹೊಲಗಳಿಗೆ ಬರುತ್ತಿದ್ದ ಮೆಕ್ಕಲು ಮಣ್ಣು ನಿಂತುಹೋಯಿತು. ಗುರಿ ಸರಿಯಾಗಿದ್ದರೂ ಕಾಲ, ಸಾಧನ, ಅಳತೆ ಸರಿಯಿಲ್ಲದಿದ್ದರೆ ಯೋಜನೆ ತಪ್ಪೇ ಆಗುತ್ತದೆ ಎಂಬುದಕ್ಕೆ ಇದೊಂದು ಉದಾಹರಣೆ.

ಇಬ್ನುಲ್ ಹೈಸಮ್ ಅವರ ದೃಷ್ಟಿಯ ಗ್ರಂಥ ಲ್ಯಾಟಿನ್ ಭಾಷೆಗೆ ಹೋಗಿ ರೋಜರ್ ಬೇಕನ್ ಮೊದಲಾದವರ ಕೈ ಸೇರಿತು. 1572ರಲ್ಲಿ ಯುರೋಪಿನಲ್ಲಿ ಅಚ್ಚಾಯಿತು. ಪರ್ಶಿಯಾದಲ್ಲಿ ಕಮಾಲುದ್ದೀನ್ ಅಲ್-ಫಾರಿಸಿ ಅದಕ್ಕೆ ವ್ಯಾಖ್ಯಾನ ಬರೆಯುತ್ತಾ ಕಾಮನಬಿಲ್ಲಿನ ರಹಸ್ಯವನ್ನು ಬಿಡಿಸಿದರು. ಇಂದು ಚಂದ್ರನ ಮೇಲಿನ ಒಂದು ಕುಳಿಗೆ ಅವರ ಹೆಸರಿದೆ. ಇರಾಕಿನ ಹತ್ತು ಸಾವಿರ ದೀನಾರಿನ ನೋಟಿನ ಮೇಲೆ ಅವರ ಚಿತ್ರ ಬಂದಿತ್ತು. ಕಟ್ಟದೆ ಬಿಟ್ಟ ಕಟ್ಟೆ ಈ ಯಾವ ಗೌರವವನ್ನೂ ಕಡಿಮೆ ಮಾಡಲಿಲ್ಲ.

ಸ್ನೇಹಿತರೇ, ನಾವೂ ಯೋಜನೆ ಹಾಕುವವರೇ. ಪರೀಕ್ಷೆಗೆ ಎಷ್ಟು ದಿನ ಸಾಕು, ಯಾವ ಕೋರ್ಸ್ ಸೇರುವುದು, ಅದಕ್ಕೆ ಮನೆಯವರು ಎಷ್ಟು ಸಾಲ ಮಾಡಬೇಕಾದೀತು, ಹೀಗೆ. ಈ ಲೆಕ್ಕಗಳಲ್ಲಿ ಕೂಡಿಸುವುದು ತಪ್ಪುವುದು ಕಡಿಮೆ. ಯಾರೋ ಹೇಳಿದ್ದನ್ನು ನೋಡಿದ್ದೆಂದು ಬರೆದುಕೊಳ್ಳುವುದೇ ಹೆಚ್ಚು. ಆದ್ದರಿಂದ ಒಂದು ಸಣ್ಣ ಸಲಹೆ. ಮುಂದಿನ ಸಲ ಯಾವುದಾದರೂ ದೊಡ್ಡ ತೀರ್ಮಾನ ತೆಗೆದುಕೊಳ್ಳುವಾಗ ಒಂದು ಹಾಳೆಯಲ್ಲಿ ಮೂರು ಕಾಲಂ ಹಾಕಿ. ನಾನೇ ನೋಡಿದ್ದು, ಬೇರೆಯವರಿಂದ ಕೇಳಿದ್ದು, ನಾನೇ ಊಹಿಸಿದ್ದು. ಮೊದಲ ಕಾಲಂ ಖಾಲಿ ಇದ್ದರೆ ಇನ್ನೂ ಮಾತು ಕೊಡಬೇಡಿ. ಆ ಕೋರ್ಸಿನಲ್ಲಿ ಓದುತ್ತಿರುವವರನ್ನು ಹೋಗಿ ಕಾಣಿ, ಆ ಕಾಲೇಜಿನ ಬಾಗಿಲವರೆಗಾದರೂ ಹೋಗಿ ಬನ್ನಿ. ಹೋಗಿ ನೋಡಿದ ಮೇಲೆ ಆಗುವುದಿಲ್ಲ ಎಂದು ಗೊತ್ತಾದರೆ ಮನೆಯವರಿಗೂ ಗುರುಗಳಿಗೂ ಅಂದೇ ಹೇಳಿ. ಹಾಗೆ ಬಂದು ಹೇಳುವವರ ಮಾತನ್ನು ಸಿಟ್ಟಾಗದೆ ಕೇಳಿಸಿಕೊಳ್ಳಬೇಕೆಂದು ಹಿರಿಯರಲ್ಲಿಯೂ ನನ್ನದೊಂದು ವಿನಂತಿ.